ಇಂಜೆಕ್ಷನ್ ನಿಲ್ಲಿಸುವ ಮುನ್ನ

ಚಿ. ಸೌ. ಪುಟ್ಟಿಗೆ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ಮಗುವಿಗೆ 21 ದಿನಕ್ಕೊಮ್ಮೆ ಕೊಡಿಸುತ್ತಿರುವ ಪೆನ್ಸಿಲಿನ್ ಇಂಜೆಕ್ಷನ್ ನಿಲ್ಲಿಸಿ, ಅದರ ಬದಲು ರೋಗನಿರೋಧಕ ಶಕ್ತಿ ಹೆಚ್ಚಿಸುವ ಪುಡಿಯನ್ನು ಹಾಲಿಗೆ ಬೆರೆಸಿ ಕೊಡಬೇಕೆಂದಿದ್ದೇನೆ ಎಂದು ಮೊನ್ನೆ ನೀನು ಫೋನಿನಲ್ಲಿ ಹೇಳಿದಾಗ ನನ್ನ ಎದೆ ಧಸಕ್ಕೆಂದಿತು. ಮಗು ಅಳುವುದನ್ನು ನೋಡಲಾಗದ ತಾಯಿಯ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಈ ಒಂದು ವಿಷಯವನ್ನು ಸಾವಧಾನವಾಗಿ ಬರೆದು ತಿಳಿಸದೆ ನನಗೆ ಸಮಾಧಾನವಿಲ್ಲ.

ನಿನ್ನ ಮಗಳಿಗೆ ರುಮ್ಯಾಟಿಕ್ ಜ್ವರ ಬಂದದ್ದು ದೇಹದ ಶಕ್ತಿ ಸಾಲದೆ ಅಲ್ಲ, ಆ ಶಕ್ತಿ ಗುರುತು ತಪ್ಪಿದ್ದರಿಂದ. ಜ್ವರಕ್ಕೆ ಎರಡು ಮೂರು ವಾರ ಮೊದಲು ಅವಳಿಗೆ ಗಂಟಲು ನೋವಿತ್ತು ಎಂದಿದ್ದೆಯಲ್ಲ, ಅದು ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದ ಕೆಲಸ. ಆ ಬ್ಯಾಕ್ಟೀರಿಯಾದ ಹೊರಮೈಯಲ್ಲಿರುವ ಒಂದು ಪ್ರೋಟೀನು ನಮ್ಮ ಹೃದಯದ ಸ್ನಾಯು ಮತ್ತು ಕವಾಟಗಳಲ್ಲಿರುವ ಪ್ರೋಟೀನುಗಳನ್ನು ಬಹಳ ಮಟ್ಟಿಗೆ ಹೋಲುತ್ತದೆ. ಹೀಗಾಗಿ ಅದನ್ನು ಕೊಲ್ಲಲು ಹುಟ್ಟಿದ ಪ್ರತಿಕಾಯಗಳೂ ಬಿಳಿ ರಕ್ತಕಣಗಳೂ ಗಂಟಲಿನ ಸೋಂಕು ಅಡಗಿದ ಮೇಲೆ ಕೀಲುಗಳ ಮೇಲೆ, ಹೃದಯದ ಮೇಲೆ ಎರಗುತ್ತವೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎನ್ನುತ್ತೇವಲ್ಲ, ಹಾಗೆ. ಇಂಥ ಬೇಲಿಗೆ ಪುಡಿ ಹಾಕಿ ಬಲ ತುಂಬುವುದರಿಂದ ಹೊಲಕ್ಕೆ ಏನು ಲಾಭ, ನೀನೇ ಯೋಚಿಸು.

ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿದ ಅಷ್ಟೂ ವರ್ಷ ನಾನು ರೋಗನಿರೋಧಕ ವ್ಯವಸ್ಥೆಯನ್ನು ಸೈನ್ಯವೆಂದೇ ಮಕ್ಕಳಿಗೆ ವರ್ಣಿಸಿದೆ. ಈಗ ಅನ್ನಿಸುತ್ತದೆ, ಹೊಡೆಯುವುದಕ್ಕಿಂತ ತನ್ನದು ಯಾವುದು ಪರರದು ಯಾವುದು ಎಂದು ವಿವೇಚಿಸುವುದೇ ಅದರ ಹಿರಿಯ ಕೆಲಸವೆಂಬುದನ್ನು ಮೊದಲು ಕಲಿಸಬೇಕಿತ್ತು. ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿಯಲ್ಲಿ ಟಿ ಕಣಗಳೆಂಬ ಒಂದು ಬಗೆಯ ಬಿಳಿ ರಕ್ತಕಣಗಳಿಗೆ ಈ ಪರೀಕ್ಷೆ ನಡೆಯುತ್ತದೆ, ಸ್ವಂತ ದೇಹದ ಮೇಲೆ ಬೀಳುವಂಥವು ಬಹುಪಾಲು ಅಲ್ಲಿಯೇ ನಾಶವಾಗುತ್ತವೆ. ಕಣ್ತಪ್ಪಿಸಿ ಹೊರಬಂದವುಗಳನ್ನು ಹದ್ದುಬಸ್ತಿನಲ್ಲಿಡಲು ಬೇರೊಂದು ಬಗೆಯ ಕಣಗಳಿವೆ. ಅವುಗಳ ಕುರಿತ ಸಂಶೋಧನೆಗಾಗಿಯೇ ಜಪಾನಿನ ಶಿಮೋನ್ ಸಕಾಗುಚಿ ಮತ್ತು ಅಮೆರಿಕದ ಇಬ್ಬರು ವಿಜ್ಞಾನಿಗಳಿಗೆ 2025ರ ನೊಬೆಲ್ ಪ್ರಶಸ್ತಿ ಬಂತು. ಇಷ್ಟೆಲ್ಲ ಕಾವಲಿದ್ದೂ ಒಮ್ಮೊಮ್ಮೆ ಎಡವುತ್ತದೆ.

ಈಗ ನನ್ನ ಕಥೆ ಕೇಳು. ಇದನ್ನು ನಿನ್ನ ತಾಯಿಗೂ ಪೂರ್ತಿ ಹೇಳಿಲ್ಲ. ನನಗೆ ಹನ್ನೆರಡು ವರ್ಷವಾಗಿದ್ದಾಗ ಎಡ ಮೊಣಕಾಲು ಊದಿಕೊಂಡು, ಮುಟ್ಟಿದರೆ ಕಿರುಚುವಂತಾಗಿತ್ತು. ನಾಲ್ಕು ದಿನಕ್ಕೆ ಅಲ್ಲಿ ಇಳಿದು ಬಲಗಾಲಿನ ಗಿಣ್ಣಿಗೆ ಬಂತು. ಅಮ್ಮ ಹುಣಸೆ ಸೊಪ್ಪು ಬಿಸಿ ಮಾಡಿ ಕಟ್ಟಿದರು. ಪೇಟೆಯ ವೈದ್ಯರು ಇದೇ ಇಂಜೆಕ್ಷನ್ ಶುರು ಮಾಡಿದರು, ಒಂದೂವರೆ ವರ್ಷ ನಡೆಯಿತು. ಆಮೇಲೆ ಮಳೆಗಾಲ, ಹೊಳೆ ದಾಟುವ ಕಷ್ಟ, ಅದಕ್ಕಿಂತ ಹೆಚ್ಚಾಗಿ ಹುಡುಗಿ ಚೆನ್ನಾಗಿದ್ದಾಳೆ ಎಂಬ ಭಾವನೆ. ನಿಲ್ಲಿಸಿದೆವು. ಮತ್ತೆ ಎರಡು ಸಲ ಗಂಟಲು ನೋವಿನ ಬೆನ್ನಿಗೇ ಕೀಲು ನೋವು ಬಂತು, ಬೆಳೆಯುವ ವಯಸ್ಸು ಎಂದುಕೊಂಡೆವು. ಇಪ್ಪತ್ತಾರನೆಯ ವಯಸ್ಸಿನಲ್ಲಿ, ಬಸಿರಿಯಾಗಿ ಆರನೆಯ ತಿಂಗಳಲ್ಲಿ, ರಾತ್ರಿ ಅಂಗಾತ ಮಲಗಿದರೆ ಉಸಿರು ಕಟ್ಟತೊಡಗಿತು; ಮೂರು ತಿಂಗಳು ಗೋಡೆಗೆ ಒರಗಿ ಕುಳಿತೇ ನಿದ್ದೆ ಮಾಡಿದೆ. 4ರಿಂದ 6 ಚದರ ಸೆಂಟಿಮೀಟರ್ ತೆರೆದುಕೊಳ್ಳಬೇಕಾದ, ಹೃದಯದ ಎಡಭಾಗದ ಮೈಟ್ರಲ್ ಕವಾಟ ನನ್ನಲ್ಲಿ ಒಂದಕ್ಕೆ ಬಂದು ನಿಂತಿತ್ತು. ಹೆರಿಗೆಯಾಗಿ ಕೆಲವು ವರ್ಷಗಳ ಮೇಲೆ ತೊಡೆಯ ರಕ್ತನಾಳದಿಂದ ಬಲೂನು ಹಾಯಿಸಿ ಅದನ್ನು ಅಗಲಿಸಿದರು.

ಮೊದಲ ಬಾರಿಗಿಂತ ಮರುಕಳಿಕೆಗಳೇ ಕವಾಟವನ್ನು ಹೆಚ್ಚಾಗಿ ಕೆಡಿಸುತ್ತವೆ. ದಡಾರದ ಲಸಿಕೆ ಕೆಲಸ ಮಾಡುವುದು ದೇಹಕ್ಕೆ ನೆನಪಿರುವುದರಿಂದ. ಆದರೆ ಇಲ್ಲಿ ಅದೇ ನೆನಪು ಶಾಪವಾಗುತ್ತದೆ, ಸ್ಟ್ರೆಪ್ಟೊಕಾಕಸ್ ಮರಳಿ ಬಂದೊಡನೆ ಹಳೆಯ ದ್ವೇಷವೆಲ್ಲ ಎಚ್ಚರಗೊಳ್ಳುತ್ತದೆ. ಪೆನ್ಸಿಲಿನ್ ಆ ನೆನಪನ್ನು ಅಳಿಸುವುದಿಲ್ಲ, ಅದನ್ನು ಕೆಣಕುವ ಬ್ಯಾಕ್ಟೀರಿಯಾಕ್ಕೆ ಗಂಟಲಿನಲ್ಲಿ ನೆಲೆಯೂರಲು ಬಿಡುವುದಿಲ್ಲ. ಇದನ್ನು ತಡೆಯುವ ಲಸಿಕೆ ಇನ್ನೂ ಬಳಕೆಗೆ ಬಂದಿಲ್ಲವಾದ್ದರಿಂದ ಈ ಸೂಜಿಯೇ ನಮಗೆ ಗತಿ. ಸಮಾಧಾನದ ಸಂಗತಿಯೆಂದರೆ, ಇಷ್ಟು ದಶಕಗಳ ಬಳಕೆಯ ನಂತರವೂ ಈ ಬ್ಯಾಕ್ಟೀರಿಯಾ ಪೆನ್ಸಿಲಿನ್ನಿಗೆ ಬಗ್ಗದಂತಾಗಿಲ್ಲ. ಹೃದಯದ ಎಕೋ ಸ್ಕ್ಯಾನಿನಲ್ಲಿ ಕಂಡ ಕವಾಟದ ಸಣ್ಣ ಸೋರಿಕೆಯೂ, ಇಂಜೆಕ್ಷನ್ ತಪ್ಪದೆ ನಡೆದರೆ, ಎಷ್ಟೋ ಮಕ್ಕಳಲ್ಲಿ ಕಾಲಕ್ರಮೇಣ ಕಡಿಮೆಯಾಗುತ್ತದೆ. ಕವಾಟದಲ್ಲಿ ದೋಷ ಉಳಿಯದಿದ್ದರೆ 10 ವರ್ಷ ಅಥವಾ 21ನೆಯ ವಯಸ್ಸಿನವರೆಗೆ, ಉಳಿದರೆ 10 ವರ್ಷ ಅಥವಾ 40ನೆಯ ವಯಸ್ಸಿನವರೆಗೆ, ಯಾವುದು ದೀರ್ಘವೋ ಅಷ್ಟು ಕಾಲ ಕೊಡಬೇಕೆಂಬುದು ವೈದ್ಯರ ಸಾಮಾನ್ಯ ನಿಯಮ. ದೀರ್ಘ ದಾರಿ ನಿಜ, ಮಗಳೇ. ಎಂದು ನಿಲ್ಲಿಸಬೇಕೆಂಬುದನ್ನು ಹೃದಯ ತಜ್ಞರು ಹೇಳಲಿ, ನಾವು ಹೇಳುವುದು ಬೇಡ.

ನೋವಿನ ಮಾತಿಗೆ ಬರುತ್ತೇನೆ. ಆ ಔಷಧ ಹಾಲಿನಂತೆ ಬೆಳ್ಳಗೆ, ಮಂದವಾಗಿರುತ್ತದೆ. ಅವಸರದಲ್ಲಿ ಚುಚ್ಚಿದರೆ ಉರಿ ಹೆಚ್ಚು. ಬಾಟಲಿ ತಣ್ಣಗಿದ್ದರೆ ಅಂಗೈಯಲ್ಲಿ ಹಿಡಿದು ಬೆಚ್ಚಗಾಗಿಸಲು, ಚುಚ್ಚುವ ಜಾಗವನ್ನು ಹತ್ತು ಸೆಕೆಂಡು ಹೆಬ್ಬೆರಳಿನಿಂದ ಒತ್ತಿ ಹಿಡಿಯಲು, ನಿಧಾನವಾಗಿ ಎರಡು ಮೂರು ನಿಮಿಷ ತೆಗೆದುಕೊಂಡು ಕೊಡಲು ನರ್ಸಿಗೆ ವಿನಯದಿಂದ ಹೇಳು. ಇಂಜೆಕ್ಷನ್ ಆದ ಮೇಲೆ ಅರ್ಧ ಗಂಟೆ ಅಲ್ಲಿಯೇ ಕೂಡಿಸಿಕೊಂಡಿರು, ಅಲರ್ಜಿಯ ಲಕ್ಷಣ ಕಂಡರೆ ತಕ್ಷಣ ನೋಡಲು ಅನುಕೂಲ. ಹಲ್ಲು ಕೀಳಿಸುವುದಿದ್ದರೆ ಹೃದಯದ ವಿಷಯವನ್ನು ದಂತವೈದ್ಯರಿಗೆ ಮೊದಲೇ ತಿಳಿಸು. ಅವಳು ಕಷಾಯ ಕುಡಿದರೆ ನನ್ನ ಆಕ್ಷೇಪವಿಲ್ಲ, ಇಂಜೆಕ್ಷನ್ನಿನ ಸ್ಥಾನಕ್ಕೆ ಮಾತ್ರ ಅದನ್ನು ತರಬೇಡ.

ಮುಂದಿನ ದಿನಾಂಕ ಯಾವುದೆಂದು ತಿಳಿಸು. ಅಂದು ನಾನೇ ಬರುತ್ತೇನೆ, ಅವಳು ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಲಿ.

ಇಂತಿ,
ನಿನ್ನ ದೊಡ್ಡಮ್ಮ