ಮಂಡಕ್ಕಿ ಭಟ್ಟಿಯಲ್ಲಿ ನೆನಪಾದ ತಿಮಿಂಗಿಲ

ದಾವಣಗೆರೆ
ಭಾನುವಾರ

ಪ್ರೀತಿಯ ಮಂಜು,

ಮೊನ್ನೆ ಕಾರವಾರದಿಂದ ಫೋನ್ ಮಾಡಿ, "ದೋಣಿ ಹತ್ತಿರಾನೇ ತಿಮಿಂಗಿಲ ಬಂದಿತ್ತು ಕಣೋ, ಸಣ್ಣದು" ಅಂದೆಯಲ್ಲ, ಆ 'ಸಣ್ಣದು' ನನ್ನ ತಲೆಯಿಂದ ಹೋಗಲೇ ಇಲ್ಲ. ತಿಮಿಂಗಿಲದಲ್ಲಿ ಸಣ್ಣದು ಅಂದರೆ ಎಷ್ಟು? ಸೂಳೆಕೆರೆಗಿಂತ ದೊಡ್ಡ ನೀರು ಕಾಣದ ನಾನು ಓದೋಕೆ ಕೂತೆ.

ನೀನು ಕಂಡದ್ದು ಯಾವುದೋ, ನನಗೆ ಸಿಕ್ಕಿದ್ದು ಒಮುರಾ ತಿಮಿಂಗಿಲ. ಉದ್ದ 10-11 ಮೀಟರ್, ಹೆಚ್ಚೂಕಮ್ಮಿ ನಮ್ಮ ಕೆಂಪು ಬಸ್ಸಿನಷ್ಟು! 30 ಮೀಟರ್ ತನಕ ಬೆಳೆಯುವ ನೀಲಿ ತಿಮಿಂಗಿಲದ ಮುಂದೆ ಸಣ್ಣದೇ ಬಿಡು. ಆದರೆ ಬಸ್ಸಿನಷ್ಟು ದೊಡ್ಡ ಈ ಪ್ರಾಣಿಗೆ 2003ರವರೆಗೆ ಸ್ವಂತ ಹೆಸರೇ ಇರಲಿಲ್ಲ. 1970ರ ದಶಕದ ಕೊನೆಯಲ್ಲೇ ಜಪಾನಿನವರು ಎಂಟನ್ನು ಹಿಡಿದಿದ್ದರು. ಬ್ರೈಡ್ಸ್ ತಿಮಿಂಗಿಲದ್ದೇ ಗಿಡ್ಡ ಜಾತಿ ಅಂದುಕೊಂಡು ಸುಮ್ಮನಾದರು. 1998ರಲ್ಲಿ ಜಪಾನಿನ ತ್ಸುನೋಶಿಮಾ ದ್ವೀಪದ ಹತ್ತಿರ ಒಂದು, ಮೀನುಗಾರರ ದೋಣಿಗೆ ಡಿಕ್ಕಿಯಾಗಿ ಸತ್ತಿತು. ಅದರ ಮೂಳೆ, ಡಿಎನ್‌ಎ ಎಲ್ಲ ನೋಡಿದ ಮೇಲೆ ಇದು ಬೇರೆಯದೇ ಜಾತಿ ಅಂತ ಖಾತ್ರಿಯಾಯಿತು. ತಿಮಿಂಗಿಲ ತಜ್ಞ ಹಿದೆಯೊ ಒಮುರಾ ಅವರ ಹೆಸರಿಟ್ಟರು. ಅಲ್ಲಿತನಕ ಅದು ಬ್ರೈಡ್ಸ್ ಹೆಸರಲ್ಲೇ ಇತ್ತು. ಹೈಸ್ಕೂಲ್ ಮುಗಿಯೋವರೆಗೂ ಮೇಷ್ಟ್ರು ನಿನ್ನನ್ನು ನಿಮ್ಮಣ್ಣನ ಹೆಸರಲ್ಲೇ ಕರೆಯುತ್ತಿದ್ದರಲ್ಲ, ಹಾಗೆ.

ಇದಕ್ಕೆ ಹಲ್ಲಿಲ್ಲ. ಮೇಲ್ದವಡೆಯಿಂದ ಪಟ್ಟಿಗಳು ಸಾಲಾಗಿ ಇಳಿಬಿದ್ದಿರುತ್ತವೆ. ನಮ್ಮ ಉಗುರಿನಲ್ಲಿರುವಂಥದೇ ವಸ್ತು, ಒಳಗಿನ ಅಂಚು ಮಾತ್ರ ನಾರು ನಾರು. ಬಾಯ್ತುಂಬ ನೀರು ತುಂಬಿಕೊಂಡು ಆಚೆ ತಳ್ಳಿದರೆ, ಸೀಗಡಿಯಂಥ ಪುಟ್ಟ ಜೀವಿಗಳು ಒಳಗೇ ಉಳಿಯುತ್ತವೆ. ಓದಿದಾಗ ಸರಿಯಾಗಿ ಹೊಳೆದಿರಲಿಲ್ಲ. ನಿನ್ನೆ ಮಂಡಕ್ಕಿ ಭಟ್ಟಿಗೆ ಹೋಗಿದ್ದೆ. ಕಾದ ಮರಳಲ್ಲಿ ಅಕ್ಕಿ ಅರಳಿಸಿ ಜರಡಿಗೆ ಸುರಿದರು. ಮರಳು ಕೆಳಗೆ, ಮಂಡಕ್ಕಿ ಮೇಲೆ. "ತಿಮಿಂಗಿಲದ ಬಾಯಿನೂ ಹೀಗೇ ಅಲ್ವಾ!" ಅಂದೆ. ಭಟ್ಟಿಯವರು ಒಂದು ಕ್ಷಣ ನನ್ನ ಮುಖ ನೋಡಿ, "ಎಷ್ಟು ಸೇರು ಕಟ್ಟಲಿ?" ಅಂದರು.

ಬದುಕಿರುವ ಒಮುರಾಗಳನ್ನು ಮಡಗಾಸ್ಕರ್ ತೀರದ ನೋಸಿ ಬೆ ದ್ವೀಪದ ಹತ್ತಿರ ನೋಡಿ, ಚೆನ್ನಾಗಿ ಗಮನಿಸಿ ಬರೆದದ್ದು 2015ರಲ್ಲಿ. 2017ರಲ್ಲಿ ಶ್ರೀಲಂಕಾ ಬಳಿಯೂ ಒಂದು ಕಂಡಿತು. ಅಲ್ಲಿಂದ ನಿನ್ನ ಕಡಲಿಗೆ ದೂರವೇನು ಮಹಾ? ಹೀಗೆ ಆಸೆ ಪಡೋಕೆ ಕಾಸು ಕೊಡಬೇಕಿಲ್ಲ.

ಅದರ ಕೆಳದವಡೆ ಬಲಗಡೆ ಬಿಳಿ, ಎಡಗಡೆ ಕಪ್ಪು. ಮುಂದಿನ ಸಲ ಬೆನ್ನು ನೋಡಿ ಕಿರುಚಾಡಬೇಡ, ದವಡೆ ನೋಡು. ಎರಡೂ ಕಡೆ. ಹಾಗಿದ್ದರೆ ರಾತ್ರಿ ಎರಡು ಗಂಟೆಯಾದರೂ ಸರಿ, ಫೋನ್ ಮಾಡು.

ಬರುವಾಗ ಒಣಮೀನು ಮಾತ್ರ ತರಬೇಡ. ಹೋದ ಸಲದ್ದನ್ನು ಅಮ್ಮ ಇನ್ನೂ ಮರೆತಿಲ್ಲ.

ನಿನ್ನ,
ಬಸು