ಏಳನೇ ಸಾಲಿಗೆ ನಿಂತ ಪಟ್ಟಿ

ಪ್ರೀತಿಯ ಗೆಳೆಯಾ,

ನಿನ್ನ ಮಗಳಿಗೆ ಅಂತ ನೀನು ಕೇಳಿದ್ದ ಪಟ್ಟಿ ಇನ್ನೂ ಮುಗಿದಿಲ್ಲ. ‘ಪುಟ್’ ಅನ್ನುವ ಒಂದು ಇಂಗ್ಲಿಷ್ ಪದ, ಅದರ ಬಾಲಕ್ಕೆ ಏನೇನು ಅಂಟಿಕೊಳ್ಳುತ್ತದೋ ಬರೆದು ಕಳಿಸು, ಅರ್ಧ ಗಂಟೆ ಕೆಲಸ ಅಂದಿದ್ದೆ. ಮೂರು ವಾರ ಆಯಿತು. ಏಳನೇ ಸಾಲಿನಲ್ಲಿ ನಿಂತಿದ್ದೇನೆ. ಯಾಕೆ ನಿಂತೆ ಅಂತ ಹೇಳುವುದಕ್ಕೇ ಈ ಪತ್ರ. ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ, ಬೇಜಾರು ಮಾಡ್ಕೋಬೇಡ. ನಿನಗೊಬ್ಬನಿಗೇ ಬರೆದರೆ ಅರ್ಧಕ್ಕೆ ಹರಿದು ಹಾಕುತ್ತೇನೆ, ನಿನಗೆ ಗೊತ್ತಲ್ಲ. ಛತ್ರಿಯ ವಿಷಯ ಇಲ್ಲಿ ಎತ್ತುವುದಿಲ್ಲ, ಹೆದರಬೇಡ.

ದೊಡ್ಡ ದೊಡ್ಡ ಇಂಗ್ಲಿಷ್ ಪದ ಬರುತ್ತೆ, ಸಣ್ಣವೇ ಕೈಕೊಡುತ್ತವೆ ಅಂದಳಂತೆ ನಿನ್ನ ಮಗಳು. ಸರಿಯಾಗಿಯೇ ಹೇಳಿದ್ದಾಳೆ. ‘ಫೋಟೋಸಿಂಥಸಿಸ್’ಗೆ ಒಂದೇ ಅರ್ಥ. ಒಮ್ಮೆ ಕಲಿತರೆ ಮುಗಿಯಿತು. ‘ರನ್’ ಹಾಗಲ್ಲ. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ ಹೊಸ ಆವೃತ್ತಿಗಾಗಿ ಪೀಟರ್ ಗಿಲ್ಲಿವರ್ ಅನ್ನುವ ಸಂಪಾದಕರು ಈ ಒಂದೇ ಕ್ರಿಯಾಪದ ಹಿಡಿದು ಒಂಬತ್ತು ತಿಂಗಳಿಗೂ ಜಾಸ್ತಿ ಕೂತರು. ಕೊನೆಗೆ ಲೆಕ್ಕಕ್ಕೆ ಸಿಕ್ಕಿದ ಅರ್ಥಗಳು 645. ಅದಕ್ಕೆ ಮುಂಚೆ, 1989ರ ಎರಡನೇ ಆವೃತ್ತಿಯಲ್ಲಿ, ‘ಸೆಟ್’ ಎಲ್ಲಕ್ಕಿಂತ ಮುಂದಿತ್ತು, 430 ಅರ್ಥ. ಕಾಲು ಓಡಿದರೂ ರನ್, ನಲ್ಲಿ ಸುರಿದರೂ ರನ್, ಮೂಗು ಸೋರಿದರೂ ರನ್, ಒಗೆದಾಗ ಬಟ್ಟೆ ಬಣ್ಣ ಬಿಟ್ಟರೂ ರನ್. ಚುನಾವಣೆಗೆ ನಾವು ನಿಲ್ಲುತ್ತೇವೆ. ಬ್ರಿಟನ್ನಿನವರೂ ನಿಲ್ಲುತ್ತಾರೆ. ಅಮೆರಿಕದವರು ಓಡುತ್ತಾರೆ!

ಈ ಕಷ್ಟ ನಿನ್ನ ಮಗಳೊಬ್ಬಳದೇ ಅಲ್ಲ ಅಂತ ಹೇಳು ಅವಳಿಗೆ. 1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ತನ್ನ ನಿಘಂಟನ್ನು ತಂದಾಗ, ಮುನ್ನುಡಿಯಲ್ಲಿ ಇಂಥ ಪದಗಳನ್ನು ಹೆಸರು ಹಿಡಿದು ಕರೆದಿದ್ದಾನೆ. ಕಮ್, ಗೆಟ್, ಗಿವ್, ಗೋ, ಮೇಕ್, ಟೇಕ್, ಟರ್ನ್, ಆ ಸಾಲಿನಲ್ಲೇ ನಮ್ಮ ಪುಟ್. ಇವುಗಳ ಅರ್ಥ ತುಂಬಾ ಸಡಿಲ, ಹಿಡಿದು ಕಟ್ಟುವುದಕ್ಕೆ ಆಗುವುದಿಲ್ಲ ಅನ್ನುವುದು ಅವನ ದೂರು. ಕ್ರಿಯಾಪದದ ಹಿಂದೆ ಒಂದು ಆಫ್, ಒಂದು ಔಟ್ ಸೇರಿಸಿ ಅರ್ಥ ಬದಲಿಸುವುದು ಹೊರಗಿನವರಿಗೆ ಬಹಳ ಕಷ್ಟ ಕೊಡುತ್ತದೆ ಅಂತಲೂ ಅಲ್ಲೇ ಬರೆದಿದ್ದಾನೆ. ಅಂದರೆ ನಿನ್ನ ಮಗಳ ಪ್ರಶ್ನೆಗೆ ಇನ್ನೂರೈವತ್ತು ವರ್ಷಕ್ಕೂ ಮೀರಿದ ವಯಸ್ಸು.

ಕನ್ನಡ ಸುಲಭ, ಇಂಗ್ಲಿಷ್ ಕಷ್ಟ ಅಂತ ಅವಳು ಅಂದುಕೊಂಡಿದ್ದರೆ ‘ಹೊಡೆ’ ಕೊಟ್ಟು ನೋಡು. ಮೊಳೆ ಹೊಡೆಯುತ್ತೇವೆ, ಬಣ್ಣ ಹೊಡೆಯುತ್ತೇವೆ, ಹರಟೆ ಹೊಡೆಯುತ್ತೇವೆ, ಗೊರಕೆ ಹೊಡೆಯುತ್ತೇವೆ, ಕಣ್ಣು ಹೊಡೆಯುತ್ತೇವೆ. ವಾಸನೆ ಹೊಡೆಯುತ್ತದೆ. ಲಾಟರಿ ಹೊಡೆಯುತ್ತದೆ. ಇದರಲ್ಲಿ ಪೆಟ್ಟು ಬೀಳುವುದು ಮೊಳೆಗೆ ಮಾತ್ರ. ಇಷ್ಟನ್ನೂ ನಾವು ಯಾರ ಹತ್ತಿರವೂ ಪಾಠ ಹೇಳಿಸಿಕೊಂಡು ಕಲಿತದ್ದಲ್ಲ. ಹಾಗಾಗಿ ಕಷ್ಟ ಅನ್ನಿಸುವುದಿಲ್ಲ, ಅಷ್ಟೇ.

ಎರಡು ಪದ ಸೇರಿ ಒಂದಾಗುವ ಜಾಗ ನನಗೆ ಇನ್ನೂ ಇಷ್ಟ. ಕನ್ನಡದಲ್ಲಿ ಸೇರಿದ್ದು ಎದ್ದು ಕಾಣುತ್ತದೆ. ಮಳೆ, ಕಾಲ ಸೇರಿದರೆ ಮಳೆಗಾಲ. ಬೆಟ್ಟ, ತಾವರೆ ಸೇರಿದರೆ ಬೆಟ್ಟದಾವರೆ. ಎರಡನೆಯದು ಒಳಗೆ ಬರುವಾಗ ತನ್ನ ಗಡಸು ಬಿಟ್ಟು ಬರುತ್ತದೆ, ಕ ಹೋಗಿ ಗ, ತ ಹೋಗಿ ದ. ಇಂಗ್ಲಿಷಿನಲ್ಲಿ ಅಕ್ಷರ ಬದಲಾಗುವುದಿಲ್ಲ, ಒತ್ತು ಬದಲಾಗುತ್ತದೆ. ‘ಬ್ಲ್ಯಾಕ್’ ಮೇಲೆ ಒತ್ತು ಕೊಟ್ಟು ಬ್ಲ್ಯಾಕ್‌ಬರ್ಡ್ ಅಂದರೆ ಅದೊಂದು ಜಾತಿಯ ಹಕ್ಕಿ, ಅದರ ಹೆಣ್ಣು ಕಂದು ಬಣ್ಣದ್ದು. ‘ಬರ್ಡ್’ ಮೇಲೆ ಒತ್ತು ಬಿದ್ದರೆ ಕಪ್ಪಗಿರುವ ಯಾವ ಹಕ್ಕಿಯಾದರೂ ಸರಿ, ಕಾಗೆಯೂ ಸೇರಿ. ಇನ್ನು ಕೆಲವು ಹಳೆಯದಾಗಿ ಎಷ್ಟು ಸವೆದಿವೆ ಅಂದರೆ ಹೊಲಿಗೆಯೇ ಕಾಣುವುದಿಲ್ಲ. ‘ವಿಂಡೋ’ ಹಳೆಯ ನಾರ್ಸ್ ಭಾಷೆಯಿಂದ ಬಂದದ್ದು, ಗಾಳಿಯ ಕಣ್ಣು ಅಂತ ಅರ್ಥ. ನಮ್ಮ ಗವಾಕ್ಷಿಯಲ್ಲಿ ಇರುವುದು ಹಸುವಿನ ಕಣ್ಣು. ಎಲ್ಲೆಲ್ಲೋ ಇದ್ದ ಜನ ಗೋಡೆಯ ತೂತನ್ನು ನೋಡಿ ಕಣ್ಣು ಅಂದುಕೊಂಡರಲ್ಲ, ಆ ಖುಷಿಗೆ ನಾನು ಒಂದು ದಿನ ಪೂರ್ತಿ ಬೇರೆ ಕೆಲಸ ಮಾಡಲಿಲ್ಲ. ‘ಅಂಡರ್‌ಸ್ಟ್ಯಾಂಡ್’ನಲ್ಲಿ ಕೆಳಗೆ, ನಿಲ್ಲು ಎರಡೂ ಇವೆ. ನೀನು ಬೆಂಚಿನ ಕೆಳಗೆ... ಸರಿ, ಅದೂ ಬೇಡ.

ಒಂದು ಆಟ ಹೇಳಿಕೊಡು ಅವಳಿಗೆ. ಅದೇ ಎರಡು ಪದವನ್ನು ಹಿಂದು ಮುಂದು ಮಾಡುವುದು. ‘ಸೆಟ್ ಅಪ್’ ಅಂದರೆ ಜೋಡಿಸಿ ನಿಲ್ಲಿಸು. ‘ಅಪ್‌ಸೆಟ್’ ಅಂದರೆ ಕೆಡವು, ಮನಸ್ಸು ಕೆಡಿಸು. ‘ಲುಕ್ ಓವರ್’ ಅಂದರೆ ಒಮ್ಮೆ ಕಣ್ಣಾಡಿಸು. ‘ಓವರ್‌ಲುಕ್’ ಅಂದರೆ ಕಣ್ಣಿಗೆ ಬೀಳದೆ ಬಿಟ್ಟುಹೋಗು. ‘ಓವರ್‌ಸೈಟ್’ ಇನ್ನೂ ವಿಚಿತ್ರ. ಮೇಲ್ವಿಚಾರಣೆಗೂ ಅದೇ ಪದ, ನೋಡದೆ ಆದ ತಪ್ಪಿಗೂ ಅದೇ ಪದ. ಯಾವುದು ಅಂತ ಸುತ್ತಲಿನ ಮಾತು ನೋಡಿ ತಿಳಿದುಕೊಳ್ಳಬೇಕು.

ಸರಿ, ಪಟ್ಟಿಗೆ ಬರುತ್ತೇನೆ. ಮೊದಲ ಸಾಲು ‘ಪುಟ್ ಆನ್’. ಬಟ್ಟೆ ಹಾಕಿಕೊ, ದೀಪ ಹಚ್ಚು, ದಪ್ಪ ಆಗು, ಇಲ್ಲದ್ದನ್ನು ಇರುವ ಹಾಗೆ ನಟಿಸು. ಎರಡನೆಯದು ‘ಪುಟ್ ಆಫ್’. ಇದು ಮೊದಲನೆಯದರ ವಿರುದ್ಧ ಅಂತ ಅವಳು ಬರೆದುಬಿಡುತ್ತಾಳೆ, ಹುಷಾರು. ಮುಂದಕ್ಕೆ ಹಾಕು ಅಂತ ಅರ್ಥ. ಮೂರನೆಯದು ‘ಪುಟ್ ಔಟ್’, ಬೆಂಕಿ ಆರಿಸು, ಹೊರಗಿಡು. ನಾಲ್ಕನೆಯದು ‘ಪುಟ್ ಅಪ್’, ಚಿತ್ರವನ್ನು ಗೋಡೆಗೆ ತೂಗು ಹಾಕು, ಬಂದವರಿಗೆ ಉಳಿದುಕೊಳ್ಳಲು ಜಾಗ ಕೊಡು. ಐದನೆಯದು ‘ಪುಟ್ ಅಪ್ ವಿತ್’. ಒಂದು ‘ವಿತ್’ ಸೇರಿತು ನೋಡು, ಸಹಿಸಿಕೊ ಅಂತಾಯಿತು. ಆರನೆಯದು ‘ಪುಟ್ ಅವೇ’, ತೆಗೆದು ಅದರ ಜಾಗದಲ್ಲಿ ಇಡು. ಇಲ್ಲಿಯವರೆಗೆ ಹಾಯಾಗಿ ಬರೆದೆ.

ಏಳನೆಯದು ‘ಪುಟ್ ಡೌನ್’. ಕೆಳಗಿಡು. ಹೆಸರು ಬರೆದುಕೊ. ಮುಂಗಡ ಕೊಡು. ದಂಗೆ ಅಡಗಿಸು. ನಾಲ್ಕು ಜನರ ಮುಂದೆ ಚುಚ್ಚಿ ಮಾತಾಡು. ಮಗುವನ್ನು ಮಲಗಿಸು. ಇಷ್ಟು ಬರೆದು ಪೆನ್ನು ನಿಂತಿತು. ಇನ್ನೊಂದು ಅರ್ಥ ಇದೆ.

ನನ್ನ ನಾಯಿ ಗುಂಡನ ಕಥೆ ನಿನಗೆ ಗೊತ್ತು. ನಾನೇ ಹೇಳಿದ್ದು. ಡಾಕ್ಟರು ಇಂಗ್ಲಿಷಿನಲ್ಲಿ ಏನೋ ಅಂದರು, ನನಗೆ ಅರ್ಥ ಆಗಲಿಲ್ಲ, ತೋಳಿನಲ್ಲಿದ್ದ ಅವನನ್ನು ನೆಲಕ್ಕೆ ಇಳಿಸಿಬಿಟ್ಟೆ ಅಂತ. ಫೋನಿನ ಆ ಕಡೆ ನೀನು ತುಂಬಾ ಹೊತ್ತು ಸುಮ್ಮನಿದ್ದೆ. ಆಮೇಲೆ, ನಿನ್ನ ತಪ್ಪಲ್ಲ ಬಿಡೋ, ಆ ಭಾಷೆಯೇ ಹಾಗೆ ಅಂದೆ. ಆಮೇಲಿಂದ ನಾನೂ ಎಲ್ಲರಿಗೂ ಹಾಗೇ ಹೇಳುತ್ತಾ ಬಂದೆ. ಆ ಭಾಷೆಯೇ ಹಾಗೆ ಅಂತ.

ನನಗೆ ಅರ್ಥ ಆಗಿತ್ತು ಕಣೋ.

ಡಾಕ್ಟರು ನಿಧಾನವಾಗಿ ಹೇಳಿದರು. ‘ಪುಟ್ ಹಿಮ್ ಡೌನ್’. ‘ಇಟ್’ ಅನ್ನಲಿಲ್ಲ, ‘ಹಿಮ್’ ಅಂದರು. ಅದು ಕೂಡ ನನ್ನ ಕಿವಿಗೆ ಬಿತ್ತು. ಸೂಜಿ ಕೊಟ್ಟು ನೋವಿಲ್ಲದೆ ಕಳಿಸಿಕೊಡೋಣ ಅಂತ ಅರ್ಥ. ಒಂದು ಕ್ಷಣವೂ ಗೊಂದಲ ಇರಲಿಲ್ಲ. ಹದಿನಾಲ್ಕು ವರ್ಷದ ನಾಯಿ, ಕಿಡ್ನಿ ಕೈಬಿಟ್ಟಿದೆ, ನೀರು ಕುಡಿದರೂ ನಿಲ್ಲುತ್ತಿಲ್ಲ. ಅಲ್ಲಿ ನಿಂತು ಆ ಮಾತಿಗೆ ಬೇರೆ ಯಾವ ಅರ್ಥ ಮಾಡಿಕೊಳ್ಳಲಿ? ಆದರೂ ನಾನು ಬಗ್ಗಿದೆ. ಅವನನ್ನು ಮೆಲ್ಲಗೆ ನೆಲದ ಮೇಲೆ ಇಟ್ಟೆ. ಮೊದಲು ಮುಂದಿನ ಕಾಲು. ಟೈಲ್ಸಿನ ಮೇಲೆ ಅವನ ಉಗುರಿನ ಸದ್ದು ಕೇಳಿಸಿತು. ಹಿಂದಿನ ಕಾಲು ಜಾರಿ ಎರಡು ಕಡೆಗೆ ಹೋಯಿತು. ಅವನು ಏಳುವುದಕ್ಕೆ ನೋಡಲಿಲ್ಲ. ಗಲ್ಲವನ್ನು ನನ್ನ ಚಪ್ಪಲಿಯ ಮೇಲೆ ಇಟ್ಟುಕೊಂಡು, ನನ್ನನ್ನು ನೋಡದೆ, ಬಾಗಿಲಿನ ಕಡೆ ನೋಡುತ್ತಾ ಮಲಗಿದ.

ಆ ಮಾತಿಗೆ ಕೆಳಗಿಡು ಅನ್ನುವ ಅರ್ಥವೂ ಇತ್ತಲ್ಲ. ನಾನು ಅದನ್ನು ಹಿಡಿದುಕೊಂಡೆ. ಅಷ್ಟೇ ನಡೆದದ್ದು.

ಡಾಕ್ಟರು ನನ್ನನ್ನು ತಿದ್ದಲಿಲ್ಲ. ಸ್ವಲ್ಪ ಹೊತ್ತು ಕಾದರು. ಈಗ ಆಗದಿದ್ದರೆ ನಾಳೆ ಬೆಳಿಗ್ಗೆ ಬನ್ನಿ ಅಂದರು. ನಾನು ತಲೆ ಆಡಿಸಿ ಅವನನ್ನು ಮತ್ತೆ ಎತ್ತಿಕೊಂಡು ಮನೆಗೆ ಬಂದೆ. ಆ ರಾತ್ರಿಯ ಬಗ್ಗೆ ನಿನಗೆ ಒಂದು ಮಾತೂ ಹೇಳಿಲ್ಲ. ಅವನಿಗೆ ಹೇಗೆ ಮಲಗಿದರೂ ನೋವು. ಏಳುತ್ತಿದ್ದ, ಅರ್ಧಕ್ಕೆ ಕುಸಿಯುತ್ತಿದ್ದ, ಮಗ್ಗುಲು ಬದಲಿಸುತ್ತಿದ್ದ, ಮತ್ತೆ ಏಳುತ್ತಿದ್ದ. ಬೆಳಗಿನ ಜಾವದವರೆಗೂ ಹಾಗೇ. ಒಮ್ಮೆಯೂ ಕೂಗಲಿಲ್ಲ. ನಾನು ಪಕ್ಕದಲ್ಲಿ ಕೂತು ಅವನ ಕಿವಿಯ ಹಿಂದೆ ಸವರುತ್ತಾ ಇದ್ದೆ. ನನ್ನ ಪಟ್ಟಿಯಲ್ಲಿ ಎರಡನೇ ಸಾಲಿಗೆ ಉದಾಹರಣೆ ಬರೆದಿಲ್ಲ, ನೋಡು. ಪುಟ್ ಆಫ್, ಮುಂದಕ್ಕೆ ಹಾಕು. ನನಗೆ ಗೊತ್ತಿರುವ ಉದಾಹರಣೆ ಆ ರಾತ್ರಿ. ಅದಕ್ಕೇ ಜಾಗ ಖಾಲಿ ಬಿಟ್ಟಿದ್ದೇನೆ.

1930ರಲ್ಲಿ ಸಿ.ಕೆ. ಆಗ್ಡನ್ ಅನ್ನುವವರು ಇಂಗ್ಲಿಷನ್ನು 850 ಪದಕ್ಕೆ ಇಳಿಸಿದರು. ಬೇಸಿಕ್ ಇಂಗ್ಲಿಷ್ ಅಂತ ಹೆಸರು. ಅದರಲ್ಲಿ ಕ್ರಿಯಾಪದ ಬರೀ 18. ಉಳಿದದ್ದನ್ನೆಲ್ಲ ಆ 18ಕ್ಕೇ ಬಾಲ ಕಟ್ಟಿ ಹೇಳಬೇಕು. ನಿನ್ನ ಪಟ್ಟಿಗೆ ಬೇಕಾಗುತ್ತೆ ಅಂತ ಅದನ್ನು ಹುಡುಕಿ ಓದಿದೆ. ಪುಟ್ ಇದೆ. ಕೊಲ್ಲು ಅನ್ನುವ ಕ್ರಿಯಾಪದ ಇಲ್ಲ, ಸಾಯಿ ಅನ್ನುವುದೂ ಇಲ್ಲ. ಸಾವು ಅನ್ನುವ ಹೆಸರು, ಸತ್ತ ಅನ್ನುವ ವಿಶೇಷಣ ಇವೆ, ಅಷ್ಟೇ. ಆಗ್ಡನ್ ಪದ ಉಳಿಸುವುದಕ್ಕೆ ಹಾಗೆ ಮಾಡಿದ್ದು. ನಾವು ಮಾಡುವುದು ಬೇರೆ ಕಾರಣಕ್ಕೆ ಅಲ್ವಾ? ಕನ್ನಡದಲ್ಲೂ ನಾನು ಗುಂಡ ಸತ್ತ ಅಂತ ಇವತ್ತಿನವರೆಗೆ ಹೇಳಿಲ್ಲ. ಹೋದ ಅಂತೀನಿ. ಹೋಗುವುದು ಅಂದರೆ ಬರುವುದೂ ಇರಬಹುದು ಅನ್ನಿಸುತ್ತದೆ. ಸಣ್ಣ ಪದಗಳಲ್ಲಿ ಜಾಗ ಜಾಸ್ತಿ. ಅದರೊಳಗೆ ಹೋಗಿ ಕೂತುಬಿಡಬಹುದು.

ಆದರೆ ಅದು ಭಾಷೆಯ ತಪ್ಪಲ್ಲ. ನೀನು ಪ್ರೀತಿಯಿಂದ ಹೇಳಿದ ಮಾತು ಅದು, ನಾನು ಇಷ್ಟು ದಿನ ಅದರ ಹಿಂದೆ ನಿಂತೆ. ಇಂಗ್ಲಿಷ್ ಅವತ್ತು ಸರಿಯಾಗಿಯೇ ಇತ್ತು. ಡಾಕ್ಟರೂ ಸರಿಯಾಗಿಯೇ ಹೇಳಿದರು. ನಿನ್ನ ಮಗಳು ಒಂದೊಂದು ಅರ್ಥಕ್ಕೂ ಟಿಕ್ ಹಾಕಿ ಕಲಿಯುತ್ತಾಳೆ ಅಂದೆಯಲ್ಲ, ಅವಳಿಗೆ ಕೊಡುವ ಪಟ್ಟಿಯಲ್ಲಿ ಗೊತ್ತಿರುವ ಒಂದು ಅರ್ಥವನ್ನು ಬಚ್ಚಿಡಲು ನನಗೆ ಆಗಲಿಲ್ಲ. ಬರೆಯುವುದಕ್ಕೂ ಆಗಲಿಲ್ಲ. ಹಾಗೆ ಮೂರು ವಾರ ಹೋಯಿತು.

ಇಷ್ಟೆಲ್ಲ ಬರೆಯುತ್ತೇನೆ ಅಂತ ಕೂತಿರಲಿಲ್ಲ. ‘ಹೊಡೆ’ಯ ಬಗ್ಗೆ ಇನ್ನೂ ನಾಲ್ಕು ಸಾಲು ಬರೆದು ಮುಗಿಸೋಣ ಅಂತಿದ್ದೆ. ಇರಲಿ.

ಪಟ್ಟಿ ನಾಳೆ ಕಳಿಸುತ್ತೇನೆ. ಏಳನೇ ಸಾಲಿನ ಕೊನೆಯ ಅರ್ಥವನ್ನು ಪೆನ್ಸಿಲಿನಲ್ಲಿ ಬರೆದಿರುತ್ತೇನೆ. ಅವಳಿಗೆ ಈಗಲೇ ಬೇಡ ಅನ್ನಿಸಿದರೆ ಅಳಿಸು, ನೀನು ಅಪ್ಪ, ನಿನಗೆ ತಿಳಿಯುತ್ತದೆ. ಅದಕ್ಕೆ ಬದಲಿಗೆ ಹಾಕಲು ಒಂದು ಒಳ್ಳೆಯ ಉದಾಹರಣೆ ಸಿಕ್ಕಿದೆ. ಛತ್ರಿ ಬಿಚ್ಚುವುದಕ್ಕೆ ‘ಪುಟ್ ಅಪ್’, ಮಡಚುವುದಕ್ಕೆ ‘ಪುಟ್ ಡೌನ್’. ಎತ್ತುವುದಿಲ್ಲ ಅಂದಿದ್ದೆ, ಎತ್ತಿಬಿಟ್ಟೆ. ಯಾವ ಛತ್ರಿ ಅಂತ ಅವಳು ಕೇಳಿದರೆ ನೀನೇ ಹೇಳಬೇಕು, ಪೂರ್ತಿ ಕಥೆ, ಮೂರನೇ ಮಳೆಯವರೆಗೆ. ನಾನೂ ಕೇಳಿಸಿಕೊಳ್ಳುತ್ತೇನೆ.

ನಿನ್ನ,
ಬೆಂಚಿನ ಮೇಲೆ ಕೂತಿದ್ದವನು