ಭಿನ್ನರಾಶಿ ಪಾಠಕ್ಕೆ ಆದಿತಾಳ: 4, 5ನೇ ತರಗತಿ ಶಿಕ್ಷಕರ ಗಮನಕ್ಕೆ

ಮಿತ್ರರೇ, ಭಿನ್ನರಾಶಿ ಶುರುಮಾಡುವ ಮುನ್ನ 10 ನಿಮಿಷ ಆದಿತಾಳ (ಕರ್ನಾಟಕ ಸಂಗೀತದ 8 ಎಣಿಕೆಯ ತಾಳ) ಹಾಕಿಸಿ. ಪೆಟ್ಟು, ಕಿರುಬೆರಳು, ಉಂಗುರಬೆರಳು, ನಡುಬೆರಳು: ಇದು 4 ಎಣಿಕೆಯ ಲಘು. ಆಮೇಲೆ ಪೆಟ್ಟು-ಹುಸಿ (ಅಂಗೈ ಮೇಲಕ್ಕೆ ತಿರುಗಿಸುವುದು), ಪೆಟ್ಟು-ಹುಸಿ: ಇವು 2 ಎಣಿಕೆಯ ಎರಡು ದ್ರುತ. ಒಟ್ಟು 8, ಅದೇ ಒಂದು ಆವರ್ತ. ಲಘು ಆವರ್ತದ ಅರ್ಧ, ಒಂದೊಂದು ದ್ರುತ ಕಾಲು. ½ + ¼ + ¼ = 1 ಎಂಬುದು ಬೋರ್ಡಿಗಿಂತ ಮೊದಲು ಕೈಗೆ ಬರುತ್ತದೆ.

ನಂತರ ಒಂದೆಣಿಕೆಗೆ ‘ತಕ’ (2 ಅಕ್ಷರ), ಆಮೇಲೆ ‘ತಕದಿಮಿ’ (4 ಅಕ್ಷರ) ಹೇಳಿಸಿ. ಎಡವಟ್ಟಾಗುವುದು ಇಲ್ಲೇ. ಅಕ್ಷರ ಹೆಚ್ಚಾದೊಡನೆ ಮಕ್ಕಳು ತಾಳವನ್ನೂ ಓಡಿಸುತ್ತಾರೆ. ಎಣಿಕೆಯ ಅಳತೆಯೇ ಬದಲಾದರೆ ಅದರ ಕಾಲು ಭಾಗಕ್ಕೆ ಅರ್ಥವಿಲ್ಲ. ಅರ್ಧ ತರಗತಿ ತಾಳ ಹಿಡಿಯಲಿ, ಉಳಿದವರು ಈ ಸೊಲ್ಲು (ತಾಳದ ಅಕ್ಷರ) ಹೇಳಲಿ, 4 ಆವರ್ತಕ್ಕೊಮ್ಮೆ ಅದಲುಬದಲು. ಪಕ್ಕದವರನ್ನು ಕೇಳಿಸಿಕೊಳ್ಳುವ ಅಭ್ಯಾಸವೂ ಆಗುತ್ತದೆ. ಒಂದೆಣಿಕೆಗೆ 3 ಅಕ್ಷರದ ‘ತಕಿಟ’ ಮೊದಲ ವಾರ ಬೇಡ. ಸಂಗೀತ ಬಾರದವರೂ ಮಾಡಿಸಬಹುದು, ರಾಗದ ಗೊಡವೆ ಇಲ್ಲ.